ಲಾಭಾಂಶದ ಮೂಲವನ್ನರಸಿ

ಮದರಾಸಿನ ತಿರುವೊತ್ತಿಯೂರಿನಲ್ಲಿ 1946ರಲ್ಲಿ ಮಕ್ಕಳ ಆಟದ ಬಲೂನುಗಳನ್ನು ಮಾಡುವ ಒಂದು ಸಣ್ಣ ಕೊಟ್ಟಿಗೆಯಾಗಿ ಆರಂಭವಾಗಿ, ಕಾಲಕ್ರಮದಲ್ಲಿ ಮೋಟಾರುವಾಹನಗಳ ಟೈರು ತಯಾರಿಸುವ ಮಹೋದ್ಯಮವಾಗಿ ಬೆಳೆದ ಎಂ.ಆರ್.ಎಫ್. ಕಂಪನಿಯ ಒಂದು ಷೇರಿನ ಬೆಲೆಯು 2023ನೆಯ ಇಸವಿಯ ಜೂನ್ ತಿಂಗಳಲ್ಲಿ ಒಂದು ಲಕ್ಷ ರೂಪಾಯಿಯನ್ನು ದಾಟಿತು. ಭಾರತದ ಷೇರುಪೇಟೆಯಲ್ಲಿ ಅದಕ್ಕೆ ಮೊದಲು ಯಾವ ಕಂಪನಿಯ ಷೇರೂ ಆ ಎತ್ತರವನ್ನು ಕಂಡಿರಲಿಲ್ಲವಾದ್ದರಿಂದ ಪತ್ರಿಕೆಗಳು ಅದನ್ನು ಸಂಭ್ರಮದಿಂದಲೇ ವರದಿಮಾಡಿದವು. ಅದೇ ವರ್ಷದ ನವೆಂಬರಿನಲ್ಲಿ ಕಂಪನಿಯ ನಿರ್ದೇಶಕ ಮಂಡಳಿಯು ಸಭೆ ಸೇರಿ ಷೇರೊಂದಕ್ಕೆ ಮೂರು ರೂಪಾಯಿಯ ಮಧ್ಯಂತರ ಲಾಭಾಂಶವನ್ನು ಘೋಷಿಸಿತು. ಲಕ್ಷ ರೂಪಾಯಿಗೂ ಮಿಗಿಲಾದ ಸ್ವತ್ತನ್ನು ಕೈಯಲ್ಲಿ ಹಿಡಿದವನಿಗೆ, ಬೆಂಗಳೂರಿನ ದರ್ಶಿನಿಯೊಂದರಲ್ಲಿ ನಿಂತುಕೊಂಡು ಕುಡಿಯುವ ಅರ್ಧ ಕಾಫಿಗೂ ಸಾಲದಷ್ಟು ಹಣ! ಜನ ನಕ್ಕರು. ಆದರೆ ಅದೇ ಮೂರು ರೂಪಾಯಿ ಷೇರುಪೇಟೆಗೆ ಕಳುಹಿಸಿದ ಪ್ರಕಟಣೆಯಲ್ಲಿ ‘ಶೇಕಡಾ 30’ ಎಂದು ನಮೂದಾಗಿತ್ತು. ಮರುವರ್ಷದ ಬೇಸಗೆಯಲ್ಲಿ ಘೋಷಣೆಯಾದ 194 ರೂಪಾಯಿಯ ಅಂತಿಮ ಲಾಭಾಂಶವು ‘ಶೇಕಡಾ 1940’ ಆಯಿತು. ಎರಡೂ ಸತ್ಯವೇ.

ಈ ವಿಚಿತ್ರಕ್ಕೆ ಕಾರಣವಾದದ್ದು ಮುಖಬೆಲೆಯೆಂಬ ಹಳೆಯ ಏರ್ಪಾಡು. ಕಂಪನಿಯು ಸ್ಥಾಪನೆಯ ಕಾಲದಲ್ಲಿ ತನ್ನ ಬಂಡವಾಳವನ್ನು ಹತ್ತು ರೂಪಾಯಿಯ, ಐದು ರೂಪಾಯಿಯ, ಇಲ್ಲವೇ ಒಂದು ರೂಪಾಯಿಯ ಪಾಲುಗಳಾಗಿ ವಿಭಾಗಿಸಿಕೊಂಡಿರುತ್ತದೆ. ಆ ಪಾಲಿನ ಬೆಲೆ ಪೇಟೆಯಲ್ಲಿ ನೂರ್ಮಡಿಯಾದರೂ ಸಾವಿರಮಡಿಯಾದರೂ ಲಾಭಾಂಶದ ಶೇಕಡಾವಾರನ್ನು ಲೆಕ್ಕ ಹಾಕುವುದು ಮೂಲದ ಆ ಅಂಕೆಯ ಮೇಲೆಯೇ. ಆದುದರಿಂದ ಒಂದು ರೂಪಾಯಿ ಮುಖಬೆಲೆಯ ಷೇರಿಗೆ ‘ಶೇಕಡಾ ಸಾವಿರ ಲಾಭಾಂಶ’ವೆಂದು ದಪ್ಪಕ್ಷರದಲ್ಲಿ ಓದಿ ಹೌಹಾರಿದ ಹೊಸಬನು ಮೊದಲು ಮಾಡಬೇಕಾದ ಕೆಲಸವೇನೆಂದರೆ, ಆ ಶೇಕಡಾವಾರನ್ನು ರೂಪಾಯಿಗೆ ಇಳಿಸಿಕೊಂಡು, ಬಂದ ಹತ್ತು ರೂಪಾಯಿಯನ್ನು ತಾನು ಪೇಟೆಯಲ್ಲಿ ತೆರಬೇಕಾದ ಬೆಲೆಯಿಂದ ಭಾಗಿಸಿ ನೋಡುವುದು. ಬೆಲೆ ಎಂಟುನೂರು ರೂಪಾಯಿಯಾಗಿದ್ದರೆ ಉತ್ಪತ್ತಿ ನೂರಕ್ಕೆ ಒಂದೂಕಾಲು. ಶೇಕಡಾ ಸಾವಿರದ ಅಬ್ಬರ ಅಲ್ಲಿಗೆ ಅಡಗುತ್ತದೆ.

ಲಾಭಾಂಶ, ಅಂದರೆ ಪೇಟೆಯವರ ಬಾಯಲ್ಲಿ ಡಿವಿಡೆಂಡು, ಬ್ಯಾಂಕಿನ ಠೇವಣಿಯ ಬಡ್ಡಿಗಿಂತ ಸ್ವಭಾವತಃ ಬೇರೆಯಾದದ್ದು. ಬಡ್ಡಿಯೆಂಬುದು ಸಾಲಗಾರನು ಕೊಟ್ಟ ಮಾತು. ಲಾಭವಾಗಲಿ ನಷ್ಟವಾಗಲಿ ಅದನ್ನು ಸಲ್ಲಿಸತಕ್ಕದ್ದು, ಸಲ್ಲಿಸದಿದ್ದರೆ ನ್ಯಾಯಾಲಯದ ಬಾಗಿಲು ತೆರೆದಿದೆ. ಲಾಭಾಂಶಕ್ಕೆ ಅಂಥ ಮಾತಿನ ಬಲವಿಲ್ಲ. ನೌಕರರ ಸಂಬಳ, ಸರಕು ಒದಗಿಸಿದವರ ಬಾಕಿ, ಸಾಲದ ಬಡ್ಡಿ, ಯಂತ್ರಗಳ ಸವಕಳಿ, ಸರ್ಕಾರದ ತೆರಿಗೆ ಇವೆಲ್ಲವೂ ಕಳೆದು ಉಳಿದದ್ದರಲ್ಲಿ, ಮುಂದಿನ ವರ್ಷಗಳ ವಿಸ್ತರಣೆಗೆಂದು ಎಷ್ಟನ್ನು ಹಿಂದಿಟ್ಟುಕೊಳ್ಳಬೇಕು ಎಷ್ಟನ್ನು ಹಂಚಬೇಕು ಎಂಬುದನ್ನು ನಿರ್ದೇಶಕ ಮಂಡಳಿಯು ತನ್ನ ವಿವೇಚನೆಯಿಂದ ತೀರ್ಮಾನಿಸುತ್ತದೆ. 2013ರ ಕಂಪನಿ ಕಾಯಿದೆಯ 123ನೆಯ ಪ್ರಕರಣದ ಪ್ರಕಾರ ಲಾಭಾಂಶವನ್ನು ಆ ವರ್ಷದ ಲಾಭದಿಂದ ಅಥವಾ ಹಿಂದಿನ ವರ್ಷಗಳಲ್ಲಿ ಸಂಚಯವಾದ ಲಾಭದಿಂದ ಮಾತ್ರ ಕೊಡಬಹುದು. ವರ್ಷದ ನಡುವೆ ಮಂಡಳಿಯೇ ಘೋಷಿಸುವುದು ಮಧ್ಯಂತರ ಲಾಭಾಂಶ. ವರ್ಷಾಂತ್ಯದ ಲೆಕ್ಕವಾದ ಮೇಲೆ ಮಂಡಳಿಯ ಶಿಫಾರಸನ್ನು ವಾರ್ಷಿಕ ಮಹಾಸಭೆಯಲ್ಲಿ ಷೇರುದಾರರು ಅಂಗೀಕರಿಸಿದಾಗ ಅದು ಅಂತಿಮ ಲಾಭಾಂಶ. ಇಲ್ಲಿ ಒಂದು ಸ್ವಾರಸ್ಯವಿದೆ. ಮಂಡಳಿಯು ಸೂಚಿಸಿದ ಮೊತ್ತವನ್ನು ಮಹಾಸಭೆಯು ಬೇಕಾದರೆ ಇಳಿಸಬಹುದು, ಏರಿಸುವಂತಿಲ್ಲ. ಒಡೆಯರೇ ಕೂಡಿ ಕೈಯೆತ್ತಿದರೂ ಒಂದು ಪೈಸೆ ಹೆಚ್ಚು ದೊರೆಯದು. ಘೋಷಣೆಯಾದ ಮೇಲೆ ಮಾತ್ರ ಅದು ಕಂಪನಿಯ ಮೇಲಣ ಋಣವಾಗಿ, ಮೂವತ್ತು ದಿನಗಳೊಳಗೆ ಪಾವತಿಯಾಗಬೇಕು.

ಈ ಕೊಡುಗೆ ಎಷ್ಟು ಐಚ್ಛಿಕವೆಂಬುದನ್ನು 2020ರ ಏಪ್ರಿಲ್ ತಿಂಗಳು ಚೆನ್ನಾಗಿ ತೋರಿಸಿಕೊಟ್ಟಿತು. ಸಾಂಕ್ರಾಮಿಕದ ಭಯದಲ್ಲಿ ದೇಶವೇ ಬಾಗಿಲು ಮುಚ್ಚಿ ಕುಳಿತಿದ್ದಾಗ, ಮುಂದೆ ಬರಬಹುದಾದ ನಷ್ಟವನ್ನು ತಾಳಿಕೊಳ್ಳಲು ಬ್ಯಾಂಕುಗಳ ಬಂಡವಾಳ ಭದ್ರವಾಗಿರಲಿ ಎಂಬ ಕಾರಣದಿಂದ ರಿಸರ್ವ್ ಬ್ಯಾಂಕು, ಆ ಮಾರ್ಚಿಗೆ ಮುಗಿದ ವರ್ಷದ ಲಾಭಗಳಿಂದ ಯಾವ ಬ್ಯಾಂಕೂ ಲಾಭಾಂಶ ಹಂಚಕೂಡದೆಂದು ಆಜ್ಞೆ ಮಾಡಿತು. ಕೈತುಂಬ ಲಾಭ ಗಳಿಸಿದ್ದ ಬ್ಯಾಂಕುಗಳೂ ಸುಮ್ಮನಾದವು. ಅದೇ ಬ್ಯಾಂಕುಗಳಲ್ಲಿ ಠೇವಣಿಯಿಟ್ಟವರಿಗೆ ಬಡ್ಡಿ ಎಂದಿನಂತೆ ಬರುತ್ತಿತ್ತು. ಷೇರು ಕೊಂಡವರಿಗೆ ಏನೂ ಬರಲಿಲ್ಲ. ತಿಂಗಳ ಔಷಧಿಗೆ, ಮಕ್ಕಳ ಶುಲ್ಕಕ್ಕೆ ಇದೇ ಹಣವನ್ನು ನಂಬಿಕೊಳ್ಳಬೇಕೆನ್ನುವವರು ಆ ವರ್ಷವನ್ನು ನೆನಪಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಹೊಸಬರಲ್ಲಿ ಬುದ್ಧಿ ಚುರುಕಾದವರಿಗೆ ಮೊದಲ ವಾರದಲ್ಲಿಯೇ ಒಂದು ಉಪಾಯ ಹೊಳೆಯುತ್ತದೆ: ಲಾಭಾಂಶದ ಹಿಂದಿನ ದಿನ ಷೇರನ್ನು ಕೊಂಡು, ಹಕ್ಕು ಸಿದ್ಧಿಸಿದ ಮರುದಿನವೇ ಮಾರಿಬಿಟ್ಟರೆ ಪುಕ್ಕಟೆಯ ಹಣವಲ್ಲವೇ? ನಮ್ಮ ಪೇಟೆಯಲ್ಲಿ 2023ರ ಜನವರಿಯಿಂದ ಎಲ್ಲ ಷೇರುಗಳ ವ್ಯವಹಾರವೂ ಮರುದಿನವೇ ಇತ್ಯರ್ಥವಾಗುವುದರಿಂದ, ಕಂಪನಿಯು ಗೊತ್ತುಪಡಿಸಿದ ದಾಖಲೆಯ ದಿನದಂದು ಯಾರ ಡಿಮ್ಯಾಟ್ ಖಾತೆಯಲ್ಲಿ, ಅಂದರೆ ಷೇರುಗಳನ್ನು ಕಾಗದವಿಲ್ಲದೆ ಇಡುವ ಖಾತೆಯಲ್ಲಿ, ಷೇರು ಇರುತ್ತದೆಯೋ ಅವರಿಗೆ ಲಾಭಾಂಶ. ಅಂದರೆ ಕೊಳ್ಳುವವನು ಕೊನೆಯ ಪಕ್ಷ ಅದರ ಹಿಂದಿನ ವಹಿವಾಟಿನ ದಿನವೇ ಕೊಂಡಿರಬೇಕು. ಆದರೆ ದಾಖಲೆಯ ದಿನ ಬೆಳಗ್ಗೆ ಪೇಟೆ ತೆರೆಯುವಾಗ, ಕಂಪನಿಯ ಬೊಕ್ಕಸದಿಂದ ಹೊರಡಲಿರುವ ಆ ಹಣವನ್ನು ಪೇಟೆಯು ಷೇರಿನ ಬೆಲೆಯಿಂದ ಸ್ಥೂಲವಾಗಿ ಕಳೆದೇ ಇರುತ್ತದೆ. ಐನೂರು ರೂಪಾಯಿಯ ಷೇರಿಗೆ ಇಪ್ಪತ್ತು ರೂಪಾಯಿ ಲಾಭಾಂಶವಿದ್ದರೆ ಅಂದಿನ ಬೆಲೆ ನಾನೂರ ಎಂಬತ್ತರ ಆಸುಪಾಸಿನಲ್ಲಿ ತೆರೆದೀತು. ಶೇಕಡಾ ಮೂವತ್ತರ ತೆರಿಗೆಯ ಮಟ್ಟದಲ್ಲಿರುವ ಜಾಣನು ಆ ಇಪ್ಪತ್ತಕ್ಕೆ ಆರು ರೂಪಾಯಿ ತೆರಿಗೆಯನ್ನೂ, ಕೊಂಡದ್ದಕ್ಕೂ ಮಾರಿದ್ದಕ್ಕೂ ಸೇರಿ ಪೇಟೆಯ ಸುಂಕಗಳನ್ನೂ ತೆತ್ತು, ತನ್ನ ಹಣವನ್ನು ತಾನೇ ಒಂದು ಜೇಬಿನಿಂದ ಇನ್ನೊಂದು ಜೇಬಿಗೆ ಹಾಕಿಕೊಂಡ ಶ್ರಮಕ್ಕೆ ದಂಡ ಕೊಟ್ಟಂತಾಗುತ್ತದೆ.

ಈ ಲೆಕ್ಕದಲ್ಲಿ ಅಡಗಿರುವ ತತ್ತ್ವವು ಇಡೀ ವಿಷಯಕ್ಕೆ ಆಧಾರವಾದದ್ದು. ಲಾಭಾಂಶವು ಷೇರಿನ ಬೆಲೆಯ ಜೊತೆಗೆ ಮೇಲಿಂದ ಸುರಿಯುವ ಇನಾಮಲ್ಲ. ಷೇರುದಾರನದೇ ಆದ ಸ್ವತ್ತಿನ ಒಂದು ಭಾಗ ಕಂಪನಿಯ ಕೈಯಿಂದ ಅವನ ಕೈಗೆ ಸ್ಥಳಾಂತರವಾಗುತ್ತದೆ, ಅಷ್ಟೆ. ಹಾಗಾದರೆ ನೋಡಬೇಕಾದದ್ದು ಎಷ್ಟು ಬಂತೆಂಬುದನ್ನಲ್ಲ, ಎಲ್ಲಿಂದ ಬಂತೆಂಬುದನ್ನು.

ಮೊತ್ತದ ವಿಚಾರದಲ್ಲಿಯೂ ಭ್ರಮೆ ಬೇಡ. ದೇಶದ ಐವತ್ತು ಪ್ರಮುಖ ಕಂಪನಿಗಳನ್ನೊಳಗೊಂಡ ನಿಫ್ಟಿ ಸೂಚ್ಯಂಕದ ಲಾಭಾಂಶದ ಉತ್ಪತ್ತಿ ಇತ್ತೀಚಿನ ವರ್ಷಗಳಲ್ಲಿ ನೂರಕ್ಕೆ ಒಂದೂಕಾಲರಿಂದ ಒಂದೂವರೆಯ ಸುತ್ತ ಸುಳಿದಾಡುತ್ತಿದೆ. ನಿವೃತ್ತನೊಬ್ಬನು ತಿಂಗಳಿಗೆ ಇಪ್ಪತ್ತು ಸಾವಿರ ರೂಪಾಯಿ ಲಾಭಾಂಶದಿಂದಲೇ ಬರಲಿ ಎಂದು ಬಯಸಿದನೆಂದರೆ, ಒಂದೂಕಾಲರ ಲೆಕ್ಕದಲ್ಲಿ ಅವನು ತೊಡಗಿಸಬೇಕಾದ ಬಂಡವಾಳ ಒಂದು ಕೋಟಿ ತೊಂಬತ್ತೆರಡು ಲಕ್ಷ. ಆಯ್ದು ಆಯ್ದು ಶೇಕಡಾ ಮೂರರ ಷೇರುಗಳನ್ನು ಕೊಂಡರೂ ಎಂಬತ್ತು ಲಕ್ಷ. ಬ್ಯಾಂಕಿನ ನಿಶ್ಚಿತ ಠೇವಣಿಯು ಅದರ ಅರ್ಧದಷ್ಟು ಹಣಕ್ಕೇ ಅಷ್ಟು ಬಡ್ಡಿಯನ್ನು ಕೊಟ್ಟೀತು. ಹಾಗಿದ್ದಮೇಲೆ ಈ ಗೊಡವೆ ಏತಕ್ಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ.

ಉತ್ತರವಿರುವುದು ಕಾಲದಲ್ಲಿ. ಒಂದು ಲಕ್ಷ ರೂಪಾಯಿಯನ್ನು ಶೇಕಡಾ ಏಳರ ಠೇವಣಿಯಲ್ಲಿಟ್ಟರೆ ವರ್ಷಕ್ಕೆ ಏಳು ಸಾವಿರ. ಇಪ್ಪತ್ತು ವರ್ಷ ಕಳೆದರೂ ಅದೇ ಏಳು ಸಾವಿರ, ಅಷ್ಟರಲ್ಲಿ ಅಕ್ಕಿ ಬೇಳೆಗಳ ಬೆಲೆ ಎಲ್ಲಿಗೆ ಹೋಗಿರುತ್ತದೆಂಬುದನ್ನು ಗೃಹಿಣಿಯರಿಗೆ ಹೇಳಬೇಕಾಗಿಲ್ಲ. ಅದೇ ಲಕ್ಷಕ್ಕೆ ಆರಂಭದಲ್ಲಿ ಎರಡೇ ಸಾವಿರ ಕೊಡುವ, ಆದರೆ ತನ್ನ ಲಾಭಾಂಶವನ್ನು ವರ್ಷಂಪ್ರತಿ ಶೇಕಡಾ ಹನ್ನೆರಡರಂತೆ ಏರಿಸಿಕೊಂಡು ಹೋಗುವ ಕಂಪನಿಯೊಂದು ಸಿಕ್ಕಿತೆಂದು ಭಾವಿಸೋಣ. ಹದಿಮೂರನೆಯ ವರ್ಷದಲ್ಲಿ ಅದರ ಪಾವತಿ ಠೇವಣಿಯ ಬಡ್ಡಿಯನ್ನು ಮೀರುತ್ತದೆ. ಆದರೆ ಬಂದ ಹಣವನ್ನೆಲ್ಲ ಕೂಡಿ ನೋಡಿದರೆ ಠೇವಣಿಗೆ ಸರಿಗಟ್ಟಲು ಇಪ್ಪತ್ತು ವರ್ಷವೇ ಬೇಕಾಗುತ್ತದೆ. ಆ ವೇಳೆಗೆ ಷೇರಿನ ಬೆಲೆಯೂ ಏರಿರುವ ಸಂಭವ ಬೇರೆ. ಮೂವತ್ತರ ಹರೆಯದವನಿಗೆ ಈ ಗಣಿತವು ಮಿತ್ರ, ಎಪ್ಪತ್ತರವನಿಗೆ ಅಷ್ಟೇನೂ ಅಲ್ಲ. ಇಪ್ಪತ್ತು ವರ್ಷಗಳ ಕಾಲ ಎಡೆಬಿಡದೆ ಶೇಕಡಾ ಹನ್ನೆರಡರ ಏರಿಕೆಯನ್ನು ಸಾಧಿಸುವ ಕಂಪನಿಗಳು ವಿರಳವೆಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು.

ವಿರಳವಾದದ್ದರ ಕಥೆಯೇ ಜನಜನಿತವಾಗಿರುವುದು ಲೋಕರೂಢಿ. ಬೆಂಗಳೂರಿನ ಇನ್ಫೋಸಿಸ್ ಕಂಪನಿಯು 1993ರಲ್ಲಿ ಸಾರ್ವಜನಿಕರಿಗೆ ಷೇರೊಂದಕ್ಕೆ 95 ರೂಪಾಯಿಯಂತೆ ನೀಡಿದಾಗ ಕೊಳ್ಳುವವರು ಸಾಕಷ್ಟು ಮುಂದೆ ಬರಲಿಲ್ಲ; ವಿದೇಶದ ಮಾರ್ಗನ್ ಸ್ಟ್ಯಾನ್ಲಿ ಸಂಸ್ಥೆಯು ಕೈಯೊಡ್ಡಿ ಒಂದು ದೊಡ್ಡ ಪಾಲನ್ನು ತೆಗೆದುಕೊಂಡ ಮೇಲೆ ಆ ಕಾರ್ಯ ದಡ ಸೇರಿತು. ಅಂದು ನೂರು ಷೇರುಗಳಿಗೆ 9,500 ರೂಪಾಯಿ ಕೊಟ್ಟು, ತರುವಾಯ ಪುಕ್ಕಟೆಯಾಗಿ ಬಂದ ಬೋನಸ್ ಷೇರುಗಳನ್ನೂ ಒಂದು ವಿಭಜನೆಯಿಂದ ಬಂದವನ್ನೂ ಮುಟ್ಟದೆ ಹಾಗೆಯೇ ಇಟ್ಟುಕೊಂಡವನ ಬಳಿ ಇಂದು ಒಂದು ಲಕ್ಷ ಎರಡು ಸಾವಿರದ ನಾನೂರು ಷೇರುಗಳಿರಬೇಕು. 2024–25ನೆಯ ಸಾಲಿಗೆ ಕಂಪನಿ ಕೊಟ್ಟ ಲಾಭಾಂಶ ಷೇರೊಂದಕ್ಕೆ 43 ರೂಪಾಯಿಯಾದ್ದರಿಂದ ಅವನಿಗೆ ಸಂದದ್ದು ನಲವತ್ತನಾಲ್ಕು ಲಕ್ಷಕ್ಕೂ ಹೆಚ್ಚು. ಗಣಿತ ನಿರ್ದುಷ್ಟವಾಗಿದೆ. ಆದರೆ ಈ ಕಥೆಯನ್ನು ಹೇಳುವವರು, ಅದೇ ತೊಂಬತ್ತರ ದಶಕದಲ್ಲಿ ಅಷ್ಟೇ ಆಡಂಬರದಿಂದ ಷೇರು ಮಾರಿ ಹೇಳಹೆಸರಿಲ್ಲದಂತಾದ ನೂರಾರು ಕಂಪನಿಗಳ ಹೆಸರನ್ನು ಎತ್ತುವುದಿಲ್ಲ. ಮೂವತ್ತು ವರ್ಷಗಳ ಏರಿಳಿತಗಳ ನಡುವೆ, ಮಗಳ ಮದುವೆಯೆಂದೋ ನಿವೇಶನವೆಂದೋ ಹತ್ತು ಮಡಿ ಲಾಭಕ್ಕೇ ಮಾರಿ ಸಂತುಷ್ಟರಾದವರೇ ಬಹುಮಂದಿಯೆಂಬುದನ್ನೂ ಹೇಳುವುದಿಲ್ಲ. ಆ ಕಾಲದಲ್ಲಿ ಲಾಭಾಂಶದ ದೊಡ್ಡತನವನ್ನೇ ನೋಡಿ ಷೇರು ಆರಿಸುತ್ತಿದ್ದವನ ಕಣ್ಣಿಗೆ ಈ ಕಂಪನಿ ಬೀಳುತ್ತಲೂ ಇರಲಿಲ್ಲ.

ದೊಡ್ಡ ಉತ್ಪತ್ತಿಯ ಆಕರ್ಷಣೆಯಿಂದ ಹೊಸಬನು ಅಪಾಯಕ್ಕೆ ಸಿಲುಕುವ ಬಗೆಯನ್ನು ಸ್ವಲ್ಪ ಸಾವಧಾನವಾಗಿ ನೋಡೋಣ. ಉತ್ಪತ್ತಿಯೆಂಬುದು ಲಾಭಾಂಶವನ್ನು ಬೆಲೆಯಿಂದ ಭಾಗಿಸಿದ ಫಲ. ಭಾಜ್ಯ ಹಿಗ್ಗಿದರೂ ಅದು ಏರುತ್ತದೆ, ಭಾಜಕ ಕುಗ್ಗಿದರೂ ಏರುತ್ತದೆ. ಪೇಟೆಯ ಸಾವಿರಾರು ಕಂಪನಿಗಳನ್ನು ಉತ್ಪತ್ತಿಯ ಕ್ರಮದಲ್ಲಿ ಜೋಡಿಸಿಕೊಡುವ ಪಟ್ಟಿಗಳು ಇಂದು ಎಲ್ಲರ ಮೊಬೈಲಿನಲ್ಲಿಯೂ ಸಿಗುತ್ತವೆ; ಅಂಥ ಪಟ್ಟಿಯ ತುದಿಯಲ್ಲಿ ಕುಳಿತ ಹೆಸರುಗಳಲ್ಲಿ ಹಲವು ಅಲ್ಲಿಗೆ ಏರಿರುವುದು ಧಾರಾಳತನದಿಂದಲ್ಲ, ಬೆಲೆ ಕುಸಿದದ್ದರಿಂದ. ಬೆಲೆ ಕುಸಿದದ್ದು ಮುಂದಿನ ಲಾಭ ಕುಸಿಯುವುದೆಂಬ ಶಂಕೆಯಿಂದ. ಪಟ್ಟಿಯಲ್ಲಿರುವುದು ಹೋದ ವರ್ಷದ ಲಾಭಾಂಶ, ನಾಳಿನದಲ್ಲ.

ಉದಾಹರಣೆಗೆ, ಗಣಿ ಮತ್ತು ಲೋಹಗಳ ಉದ್ಯಮದ ವೇದಾಂತ ಕಂಪನಿಯು 2022–23ರಲ್ಲಿ ಐದು ಸಲ ಮಧ್ಯಂತರ ಲಾಭಾಂಶ ಘೋಷಿಸಿ ಷೇರೊಂದಕ್ಕೆ ಒಟ್ಟು 101 ರೂಪಾಯಿ 50 ಪೈಸೆ ಹಂಚಿತು. ಷೇರಿನ ಬೆಲೆ ಆಗ ಮುನ್ನೂರರ ಆಸುಪಾಸಿನಲ್ಲಿದ್ದುದರಿಂದ ಇದು ಬಂಡವಾಳದ ಮೂರನೆಯ ಒಂದು ಪಾಲನ್ನು ಒಂದೇ ವರ್ಷದಲ್ಲಿ ಹಿಂತಿರುಗಿಸಿದಂತೆ ಆಯಿತು. ಕಾರಣ ರಹಸ್ಯವಾಗಿರಲಿಲ್ಲ: ಕಂಪನಿಯ ಬಹುಪಾಲು ಷೇರುಗಳ ಒಡೆತನ ಹೊಂದಿದ್ದ ಲಂಡನ್ನಿನ ಮಾತೃಸಂಸ್ಥೆಗೆ ತೀರಿಸಬೇಕಾದ ಸಾಲಗಳಿದ್ದವು, ಮಗಳ ಮನೆಯಿಂದ ಹಣ ಹೊರಡುವ ಕಾನೂನುಬದ್ಧವಾದ ಹೆದ್ದಾರಿಯೆಂದರೆ ಲಾಭಾಂಶವೇ. ಸಣ್ಣ ಷೇರುದಾರನಿಗೂ ಅದೇ ಹೆದ್ದಾರಿಯಲ್ಲಿ ಪಾಲು ಸಿಕ್ಕಿತು, ಅನ್ಯಾಯವೇನೂ ಇಲ್ಲ. ಆದರೆ ಈ ಪ್ರವಾಹ ಸದಾ ಹರಿಯುತ್ತದೆಂದು ನಂಬಿ ಆಮೇಲೆ ಕೊಂಡವನಿಗೆ ಮರುವರ್ಷ ಬಂದದ್ದು 29 ರೂಪಾಯಿ 50 ಪೈಸೆ.

ಇದಕ್ಕೆ ವಿರುದ್ಧವಾದ ನಿದರ್ಶನವೂ ಇಲ್ಲದಿಲ್ಲ. ಸರ್ಕಾರವು 2010ರಲ್ಲಿ ಕೋಲ್ ಇಂಡಿಯಾದ ಷೇರುಗಳನ್ನು 245 ರೂಪಾಯಿಗೆ ಮಾರಿತು. ಕಲ್ಲಿದ್ದಲಿನ ಕಾಲ ಮುಗಿಯಿತೆಂದು ಲೋಕವೆಲ್ಲ ನುಡಿಯುತ್ತಿದ್ದ 2020ರಲ್ಲಿ ಅದರ ಬೆಲೆ 120ಕ್ಕಿಂತಲೂ ಕೆಳಗಿಳಿದಿತ್ತು. ಹಿಂದಿನ ಸಾಲಿನ ಲಾಭಾಂಶ 12 ರೂಪಾಯಿಯಾದ್ದರಿಂದ ಉತ್ಪತ್ತಿ ಶೇಕಡಾ ಹತ್ತನ್ನು ಮುಟ್ಟಿತ್ತು. ಹತ್ತು ವರ್ಷ ಲಾಭಾಂಶ ಉಂಡರೂ ಮೊದಲ ಕೊಳ್ಳುಗನು ಮೂಲಧನದ ಅರ್ಧವನ್ನು ಕಳೆದುಕೊಂಡು ಕುಳಿತಿದ್ದನು. ಆ ಹತಾಶೆಯ ದಿನಗಳಲ್ಲಿ ಕೊಂಡವನಿಗಾದರೋ 2024ರ ವೇಳೆಗೆ ಬೆಲೆ ಐದುನೂರನ್ನು ದಾಟಿದ್ದನ್ನೂ, ಆ ಸಾಲಿನಲ್ಲಿ ಷೇರೊಂದಕ್ಕೆ ಇಪ್ಪತ್ತೈದೂವರೆ ರೂಪಾಯಿ ಕೈಸೇರಿದ್ದನ್ನೂ ಕಾಣುವ ಭಾಗ್ಯ ದೊರೆಯಿತು. ಒಂದೇ ಕಂಪನಿ, ಒಂದೇ ಲಾಭಾಂಶ. ಕೊಂಡ ಬೆಲೆಯೊಂದೇ ಬೇರೆ. ಪೇಟೆಯ ಶಂಕೆ ಯಾವಾಗ ನಿಜ, ಯಾವಾಗ ಅತಿರೇಕ ಎಂದು ಮುಂಚಿತವಾಗಿ ಹೇಳಬಲ್ಲವರನ್ನು ನಾನು ಕಂಡಿಲ್ಲ; ಹೇಳಬಲ್ಲೆವೆನ್ನುವವರನ್ನು ಬೇಕಾದಷ್ಟು ಕಂಡಿದ್ದೇನೆ.

ಲಾಭಾಂಶದ ಮೂಲವನ್ನು ಪರೀಕ್ಷಿಸಬೇಕೆಂಬ ಮಾತಿಗೆ ನಮ್ಮ ನಾಡಿನಲ್ಲಿಯೇ ಒಂದು ಮಹಾದೃಷ್ಟಾಂತವಿದೆ. ಕೋಲಾರದ ಚಿನ್ನದ ಗಣಿಗಳನ್ನು ತೋಡಿದ ಮೈಸೂರು ಗೋಲ್ಡ್ ಮೈನಿಂಗ್ ಕಂಪನಿಯು 1880ರಲ್ಲಿ ಲಂಡನ್ನಿನಲ್ಲಿ ಸ್ಥಾಪಿತವಾಯಿತು. ಗಣಿಗಳ ಆಡಳಿತ ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಮನೆತನದ ಸಂಸ್ಥೆಯದು. ಮೊದಲ ವರ್ಷಗಳಲ್ಲಿ ಬಂಡವಾಳವೆಲ್ಲ ಕಲ್ಲಿನಲ್ಲಿ ಕರಗಿ, ಷೇರುದಾರರು ಕೈಚೆಲ್ಲುವ ಹಂತಕ್ಕೆ ಬಂದಿದ್ದಾಗ, 1883ರ ಸುಮಾರಿಗೆ ಚಾಂಪಿಯನ್ ಎಂದು ಹೆಸರಾದ, ಚಿನ್ನವಿದ್ದ ಶಿಲೆಯ ಪದರ ಸಿಕ್ಕಿ ಕಂಪನಿ ಬದುಕಿತು. ಅಲ್ಲಿಂದ ಮುಂದೆ ದಶಕಗಳ ಕಾಲ, ಕನ್ನಡ ತಮಿಳು ತೆಲುಗು ಮಾತನಾಡುವ ಕೂಲಿಗಳು ನೆಲದ ಕೆಳಗೆ ಬೆಂದು ತೆಗೆದ ಚಿನ್ನವು, ಮೈಸೂರು ಸರ್ಕಾರಕ್ಕೆ ಸಲ್ಲತಕ್ಕ ರಾಜಧನವನ್ನು ಕಳೆದು, ಇಂಗ್ಲೆಂಡಿನ ಷೇರುದಾರರ ಮನೆಗಳಿಗೆ ಲಾಭಾಂಶವಾಗಿ ಹೋಯಿತು. ಆ ಷೇರುದಾರರಿಗೆ ಬರುತ್ತಿದ್ದದ್ದು ಕೇವಲ ಫಲವಾಗಿತ್ತೇ? ಗಣಿಯಿಂದ ತೆಗೆದ ಅದಿರು ಮತ್ತೆ ಹುಟ್ಟುವುದಿಲ್ಲ. ಹಂಚಿದ ಪ್ರತಿಯೊಂದು ಪೌಂಡಿನಲ್ಲಿಯೂ ಒಂದಂಶ ಲಾಭ, ಇನ್ನೊಂದಂಶ ಗಣಿಯ ಶರೀರವೇ. ಆಳ ಹೆಚ್ಚಿ, ವೆಚ್ಚ ಏರಿ, ಟನ್ನಿಗೆ ಸಿಗುವ ಚಿನ್ನ ಇಳಿದು, 1956ರಲ್ಲಿ ಗಣಿಗಳು ರಾಷ್ಟ್ರೀಕೃತವಾಗಿ, ಕಡೆಗೆ 2001ರ ಫೆಬ್ರವರಿಯಲ್ಲಿ ಮುಚ್ಚಿದವು. ಎರಡು ತಲೆಮಾರು ಲಾಭಾಂಶವನ್ನು ಉಂಡು ಮೂಲಧನ ಹಾಗೆಯೇ ಇದೆಯೆಂದು ಭಾವಿಸಿದ ಷೇರುದಾರನಿದ್ದರೆ, ಅವನು ಮೂಲಧನವನ್ನೇ ಉಂಡಿದ್ದನು. ಗಣಿಯಲ್ಲಿ ಇದು ಕಣ್ಣಿಗೆ ಕಾಣುವಂತಿದೆ. ಯಂತ್ರಗಳನ್ನು ನವೀಕರಿಸದೆ, ಹೊಸ ಉತ್ಪನ್ನಗಳನ್ನು ಹುಡುಕದೆ, ಹಳೆಯ ಕೀರ್ತಿಯನ್ನು ಮಾರಿಕೊಂಡು ಲಾಭಾಂಶ ಹಂಚುವ ಕಾರ್ಖಾನೆಯಲ್ಲಿ ಅಷ್ಟು ಬೇಗ ಕಾಣುವುದಿಲ್ಲ.

ಕಾಣಬೇಕಾದರೆ ಕಂಪನಿಯ ವಾರ್ಷಿಕ ವರದಿಯನ್ನು ತೆರೆಯಬೇಕು. ನೂರಾರು ಪುಟಗಳ ಆ ಗ್ರಂಥವನ್ನು ಆದ್ಯಂತವಾಗಿ ಓದಬೇಕೆಂದು ಯಾರಿಗೂ ನಾನು ಶಿಕ್ಷೆ ವಿಧಿಸುವುದಿಲ್ಲ. ಅಧ್ಯಕ್ಷರ ಭಾಷಣವನ್ನೂ ವರ್ಣಚಿತ್ರಗಳನ್ನೂ ಧಾರಾಳವಾಗಿ ದಾಟಿ, ನಗದಿನ ಹರಿವಿನ ಪಟ್ಟಿಯೆಂಬ ಒಂದು ಹಾಳೆಯನ್ನು ಹುಡುಕಿಕೊಂಡರೆ ಅರ್ಧ ಕೆಲಸವಾದಂತೆ. ವ್ಯಾಪಾರದಿಂದ ನಿಜವಾಗಿ ಕೈಗೆ ಬಂದ ನಗದೆಷ್ಟು, ಅದರಲ್ಲಿ ಯಂತ್ರ ಕಟ್ಟಡಗಳಿಗೆ ಹೋದದ್ದೆಷ್ಟು, ಮಿಕ್ಕದ್ದು ಲಾಭಾಂಶಕ್ಕೆ ಸಾಕಾಯಿತೇ ಎಂಬುದು ಅಲ್ಲಿದೆ. ಲೆಕ್ಕದ ಪುಸ್ತಕದಲ್ಲಿ ಲಾಭವಿದ್ದು ನಗದು ಬಾರದೆ, ಸಾಲ ಮಾತ್ರ ವರ್ಷೇವರ್ಷೇ ಬೆಳೆಯುತ್ತಿದ್ದರೆ ಅದು ಸಾಲಮಾಡಿ ತುಪ್ಪ ತಿನ್ನಿಸುವ ಆತಿಥ್ಯ. ಲಾಭದಲ್ಲಿ ಎಷ್ಟು ಪಾಲು ಹಂಚಿಕೆಯಾಗುತ್ತಿದೆ ಎಂಬುದನ್ನೂ ನೋಡಬೇಕು. ನೂರರಲ್ಲಿ ಮೂವತ್ತು ನಲವತ್ತನ್ನು ಹಂಚುವ ಕಂಪನಿಗೆ ಕೆಟ್ಟ ವರ್ಷವನ್ನು ದಾಟುವ ಅವಕಾಶವಿರುತ್ತದೆ. ಸಾಬೂನು, ಹಲ್ಲುಜ್ಜುವ ಪೇಸ್ಟುಗಳಂಥ ನಿತ್ಯವಸ್ತುಗಳನ್ನು ಮಾರುತ್ತ, ಹೊಸ ಬಂಡವಾಳದ ಹೆಚ್ಚು ಹಂಗಿಲ್ಲದೆ ನಡೆಯುವ ಕಂಪನಿಯಾದರೆ ತೊಂಬತ್ತನ್ನು ಹಂಚಿಯೂ ನಿಶ್ಚಿಂತೆಯಾಗಿರಬಹುದು. ಉಕ್ಕು ಸಿಮೆಂಟುಗಳ ಕಂಪನಿ ಹಾಗೆ ಮಾಡಿದರೆ ಹುಬ್ಬೇರಿಸಬೇಕು. ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯ ನಿಯಮದಂತೆ ಮೊದಲ ಸಾವಿರ ದೊಡ್ಡ ಕಂಪನಿಗಳು ತಮ್ಮ ಲಾಭಾಂಶ ವಿತರಣೆಯ ನೀತಿಯನ್ನು ಬರೆದು ಪ್ರಕಟಿಸತಕ್ಕದ್ದು. ಅದರ ಭಾಷೆ ಬಹುಮಟ್ಟಿಗೆ ವಕೀಲರದು, ಆದರೂ ಒಮ್ಮೆ ಕಣ್ಣಾಡಿಸಲು ಅಡ್ಡಿಯಿಲ್ಲ.

ಹತ್ತು ವರ್ಷಗಳ ಲಾಭಾಂಶದ ಚರಿತ್ರೆಯನ್ನು ನೋಡುವುದಕ್ಕೂ ಸಕಾರಣವಿದೆ. ಅಮೆರಿಕದ ಜಾನ್ ಲಿಂಟ್ನರ್ ಎಂಬ ಅರ್ಥಶಾಸ್ತ್ರಜ್ಞನು ಇಪ್ಪತ್ತೆಂಟು ಕಂಪನಿಗಳ ಆಡಳಿತಗಾರರನ್ನು ವಿಚಾರಿಸಿ 1956ರಲ್ಲಿ ಬರೆದ ಲೇಖನದಲ್ಲಿ ಕಂಡುಕೊಂಡದ್ದೇನೆಂದರೆ, ಅವರು ಲಾಭಾಂಶವನ್ನು ಏರಿಸಲು ಬಹಳ ಹಿಂಜರಿಯುತ್ತಾರೆ, ಏಕೆಂದರೆ ಏರಿಸಿದ್ದನ್ನು ಮತ್ತೆ ಇಳಿಸಬೇಕಾಗಿ ಬರುವ ಅವಮಾನ ಅವರಿಗೆ ಅದಕ್ಕಿಂತ ದುಸ್ಸಹ. ಈ ಸಂಕೋಚವೇ ಷೇರುದಾರನಿಗೆ ಒಂದು ಸೂಚನೆ: ನಿಧಾನವಾಗಿ, ಹಿಂದೆಗೆಯದೆ ಏರುತ್ತ ಬಂದ ಲಾಭಾಂಶದ ಹಿಂದೆ ಆಡಳಿತದ ಒಂದು ನಂಬಿಕೆಯಿರುತ್ತದೆ. ನಮ್ಮ ಸರ್ಕಾರಿ ಉದ್ಯಮಗಳಿಗೆ ಮಾತ್ರ ಈ ಮಾತು ಪೂರ್ತಿಯಾಗಿ ಅನ್ವಯಿಸುವುದಿಲ್ಲ. ಕೇಂದ್ರದ ಸಾರ್ವಜನಿಕ ಉದ್ಯಮಗಳು ನಿವ್ವಳ ಲಾಭದ ಶೇಕಡಾ 30 ಅಥವಾ ನಿವ್ವಳ ಸಂಪತ್ತಿನ ಶೇಕಡಾ 4, ಯಾವುದು ಹೆಚ್ಚೋ ಅದನ್ನು ಕನಿಷ್ಠಪಕ್ಷ ಲಾಭಾಂಶವಾಗಿ ಕೊಡಬೇಕೆಂದು 2024ರ ನವೆಂಬರಿನ ಸುತ್ತೋಲೆ ವಿಧಿಸಿದೆ. ಬೊಕ್ಕಸದ ಅಗತ್ಯವು ಅಲ್ಲಿ ಮಂಡಳಿಯ ವಿವೇಚನೆಗಿಂತ ಬಲಶಾಲಿ.

ಲಾಭಾಂಶವೇ ನಿರರ್ಥಕವೆಂದು ವಾದಿಸುವ ಪಂಡಿತರೂ ಇದ್ದಾರೆ. ಮಿಲ್ಲರ್ ಮತ್ತು ಮಾಡಿಗ್ಲಿಯಾನಿ ಎಂಬಿಬ್ಬರು 1961ರಲ್ಲಿ, ತೆರಿಗೆ ಮೊದಲಾದ ಘರ್ಷಣೆಗಳಿಲ್ಲದ ಆದರ್ಶ ಪೇಟೆಯಲ್ಲಿ ಕಂಪನಿ ಹಂಚಿದರೇನು ಹಂಚದಿದ್ದರೇನು, ಅದರ ಮೌಲ್ಯ ಒಂದೇ ಎಂದು ಸಾಧಿಸಿದರು. ಅಮೆರಿಕದ ಹೆಸರಾಂತ ಹೂಡಿಕೆದಾರ ವಾರನ್ ಬಫೆಟ್ಟರ ಬರ್ಕ್‌ಶೈರ್ ಹ್ಯಾಥವೇ ಕಂಪನಿಯು ಅವರ ಕೈಗೆ ಬಂದ ಮೇಲೆ 1967ರಲ್ಲಿ ಒಂದೇ ಒಂದು ಸಲ, ಷೇರೊಂದಕ್ಕೆ ಹತ್ತು ಸೆಂಟು ಕೊಟ್ಟು ಬಾಗಿಲು ಮುಚ್ಚಿಕೊಂಡಿತು. ಅಷ್ಟರಿಂದ ಅದರ ಷೇರುದಾರರು ಬಡವರಾಗಲಿಲ್ಲ. ತರ್ಕಕ್ಕೆ ನಾನು ತಲೆಬಾಗುತ್ತೇನೆ. ಆದರೆ ಪ್ರತಿಯೊಬ್ಬ ಉದ್ಯಮಿಯೂ ಬಫೆಟ್ಟನಲ್ಲ; ನಮ್ಮಲ್ಲಿ ಕುಟುಂಬಗಳ ಹಿಡಿತದಲ್ಲಿರುವ ಅನೇಕ ಕಂಪನಿಗಳಲ್ಲಿ, ಹಂಚದೆ ಉಳಿದ ಲಾಭವು ಯಾವ ಸಂಬಂಧಿಕರ ಸಂಸ್ಥೆಗೆ ಸಾಲವಾಗಿ ಹರಿಯಿತೆಂದು ಪತ್ತೆಮಾಡುವ ಹೊತ್ತಿಗೆ ವರ್ಷಗಳು ಕಳೆದಿರುತ್ತವೆ. ಲಾಭವನ್ನು ಕಾಗದದ ಮೇಲೆ ಸೃಷ್ಟಿಸುವುದು ಸುಲಭ, ಬ್ಯಾಂಕಿನ ಖಾತೆಗೆ ಜಮೆಯಾಗುವ ನಗದನ್ನು ವರ್ಷಾನುವರ್ಷ ಸೃಷ್ಟಿಸುವುದು ಕಷ್ಟ. ದೂರದಲ್ಲಿ ಕುಳಿತ ಸಣ್ಣ ಷೇರುದಾರನಿಗೆ ಆಡಳಿತದ ಪ್ರಾಮಾಣಿಕತೆಯನ್ನು ಅಳೆಯಲು ಲಾಭಾಂಶಕ್ಕಿಂತ ಸರಳವಾದ ಸಾಧನ ಇನ್ನೊಂದಿಲ್ಲವೆಂದೇ ನನ್ನ ಎಣಿಕೆ.

ತೆರಿಗೆಯ ಮಾತನ್ನು ಬೇಗ ಮುಗಿಸಬಹುದು. 1997ರಲ್ಲಿ ಬಂದ ಲಾಭಾಂಶ ವಿತರಣಾ ತೆರಿಗೆಯನ್ನು ಕಂಪನಿಗಳೇ ತೆರುತ್ತಿದ್ದ ಕಾಲ 2020ರ ಮಾರ್ಚಿಗೆ ಮುಗಿಯಿತು. ಈಗ ಲಾಭಾಂಶವು ಪಡೆದವನ ಆದಾಯಕ್ಕೆ ಸೇರಿ ಅವನವನ ಮಟ್ಟದ ತೆರಿಗೆಗೆ ಒಳಪಡುತ್ತದೆ; ಒಂದು ಕಂಪನಿಯಿಂದ ವರ್ಷಕ್ಕೆ ಹತ್ತು ಸಾವಿರ ರೂಪಾಯಿ ಮೀರಿದರೆ ಶೇಕಡಾ ಹತ್ತನ್ನು ಮೊದಲೇ ಮುರಿದುಕೊಳ್ಳುತ್ತಾರೆ. ಈ ಮಿತಿ 2025ರ ಏಪ್ರಿಲ್‌ಗೆ ಮೊದಲು ಐದು ಸಾವಿರವಾಗಿತ್ತು. ತೆರಿಗೆಗೆ ಒಳಪಡದಷ್ಟು ಕಡಿಮೆ ವರಮಾನವುಳ್ಳವರು ಮುಂಚಿತವಾಗಿ ಘೋಷಣಾಪತ್ರ ಕೊಟ್ಟು ಈ ಮುರಿತವನ್ನು ತಪ್ಪಿಸಿಕೊಳ್ಳಬಹುದು.

ಹೊಸದಾಗಿ ಕೊಳ್ಳುವುದಕ್ಕೆ ಮೊದಲು ಮನೆಯ ಹಳೆಯ ಟ್ರಂಕನ್ನು ಒಮ್ಮೆ ತೆರೆದು ನೋಡುವಂತೆ ಹೇಳಿದರೆ ಓದುಗರು ನಗಬಾರದು. ಷೇರುಗಳನ್ನು ಕಾಗದವಿಲ್ಲದೆ ಖಾತೆಯಲ್ಲಿಡಲು ಅವಕಾಶ ಕೊಟ್ಟ ಡಿಪಾಸಿಟರಿಗಳ ಕಾಯಿದೆ 1996ರಲ್ಲಿ ಬರುವವರೆಗೆ ಷೇರೆಂದರೆ ಮುದ್ರೆಯೊತ್ತಿದ ಕಾಗದ. ಲಾಭಾಂಶವೆಂದರೆ ಅಂಚೆಯಲ್ಲಿ ಬರುವ, ವಾರಂಟು ಎಂಬ ಪಾವತಿಪತ್ರ. ವರ್ಗವಾಗಿ ಊರು ಬದಲಾಯಿಸಿದ ಅಜ್ಜಂದಿರ ವಾರಂಟುಗಳು ಹಳೆಯ ವಿಳಾಸಕ್ಕೆ ಹೋಗಿ ಹಿಂತಿರುಗಿದವು. ಕೇಳುವವರಿಲ್ಲದ ಲಾಭಾಂಶವು ಏಳು ವರ್ಷಗಳ ತರುವಾಯ ಕೇಂದ್ರ ಸರ್ಕಾರದ ಹೂಡಿಕೆದಾರರ ಶಿಕ್ಷಣ ಮತ್ತು ರಕ್ಷಣಾ ನಿಧಿಗೆ ಸೇರುತ್ತದೆ. ಸತತವಾಗಿ ಏಳು ವರ್ಷ ಹಾಗಾದರೆ ಷೇರುಗಳೇ ಆ ನಿಧಿಗೆ ವರ್ಗವಾಗುತ್ತವೆ. ಕಳೆದುಹೋದವೆಂದಲ್ಲ. ವಾರಸುದಾರರು ದಾಖಲೆಗಳನ್ನು ಒದಗಿಸಿ, ನಿಗದಿಯಾದ ನಮೂನೆಯಲ್ಲಿ ಅರ್ಜಿ ಹಾಕಿ, ಕಂಪನಿಯ ದೃಢೀಕರಣ ಪಡೆದು ಹಿಂದಕ್ಕೆ ಪಡೆಯಬಹುದು, ತಾಳ್ಮೆಯೊಂದು ಬೇಕು. ಇಂದು ಖಾತೆ ತೆರೆಯುವವನು ನಾಮನಿರ್ದೇಶನವನ್ನೂ ಬ್ಯಾಂಕಿನ ಖಾತೆಯ ಸಂಖ್ಯೆಯನ್ನೂ ಸರಿಯಾಗಿ ಬರೆಯಿಸಿದರೆ ಮೊಮ್ಮಕ್ಕಳಿಗೆ ಈ ತೀರ್ಥಯಾತ್ರೆ ತಪ್ಪೀತು.

ಇನ್ನು ಆರಂಭ ಹೇಗೆಂದರೆ, ಒಂದೇ ಕಂಪನಿಯಲ್ಲಾಗಲಿ ಒಂದೇ ಬಗೆಯ ಉದ್ಯಮದಲ್ಲಾಗಲಿ ಹಣವನ್ನೆಲ್ಲ ಇಡದೆ, ಎರಡು ಮೂರು ವರ್ಷಗಳ ಅವಧಿಯಲ್ಲಿ ಸ್ವಲ್ಪ ಸ್ವಲ್ಪವಾಗಿ, ಎಂಟು ಹತ್ತು ಕಂಪನಿಗಳಲ್ಲಿ ಹರಡಿಕೊಳ್ಳುವುದು ಮೇಲು. ವರದಿಗಳನ್ನು ಓದುವ ವ್ಯವಧಾನವಿಲ್ಲದವರು ಸೂಚ್ಯಂಕವನ್ನೇ ಹಿಂಬಾಲಿಸುವ ನಿಧಿಯೊಂದರಲ್ಲಿ ಹಣವಿಟ್ಟು ನೆಮ್ಮದಿಯಾಗಿರುವುದರಲ್ಲಿ ಯಾವ ಲಜ್ಜೆಯೂ ಇಲ್ಲ. ಬರುವ ಲಾಭಾಂಶವನ್ನು, ಸಂಸಾರಕ್ಕೆ ಬೇಡವಾದಷ್ಟು ದಿನ, ಮತ್ತೆ ಷೇರಿಗೇ ಹಾಕತಕ್ಕದ್ದು. ನಮ್ಮಲ್ಲಿ ಆ ಕೆಲಸ ತಾನಾಗಿ ಆಗುವುದಿಲ್ಲ, ಕೈಯಾರೆ ಮಾಡಬೇಕು.

ಕೊಂಡದ್ದು ಒಂದೇ ಷೇರಾದರೂ ಅದರ ಒಡೆಯನಿಗೆ ವಾರ್ಷಿಕ ಮಹಾಸಭೆಗೆ ಹೋಗುವ, ಮತ ಹಾಕುವ, ಪ್ರಶ್ನೆ ಕೇಳುವ ಹಕ್ಕಿದೆ. ಹಿಂದೆ ಶಿರಸಿಯ ಷೇರುದಾರನು ಮುಂಬಯಿಯ ಸಭೆಗೆ ಹೋಗುವ ಖರ್ಚಿನಲ್ಲಿ ಇನ್ನಷ್ಟು ಷೇರುಗಳನ್ನು ಕೊಳ್ಳಬಹುದಾಗಿತ್ತು. 2020ರಿಂದೀಚೆಗೆ ಬಹುತೇಕ ಕಂಪನಿಗಳು ಸಭೆಯನ್ನು ವೀಡಿಯೋ ಮೂಲಕ ನಡೆಸುತ್ತಿರುವುದರಿಂದ ಅವನು ಮನೆಯ ಜಗಲಿಯಲ್ಲಿ ಕುಳಿತೇ ಭಾಗವಹಿಸಬಹುದು. ಮಾತನಾಡಬಯಸುವವರು ಸಭೆಯ ನೋಟೀಸಿನಲ್ಲಿ ತಿಳಿಸಿರುವ ದಿನದೊಳಗೆ ತಮ್ಮ ಹೆಸರನ್ನು ನೋಂದಾಯಿಸಬೇಕು, ಸಿಗುವುದು ಎರಡು ಮೂರು ನಿಮಿಷ ಮಾತ್ರ. ಕಳೆದ ಹತ್ತು ವರ್ಷಗಳಲ್ಲಿ ಯಾವ ಯಾವ ವರ್ಷ ಹಂಚಿದ ಲಾಭಾಂಶವು ಗಳಿಸಿದ ನಗದನ್ನು ಮೀರಿತ್ತು, ಆ ವ್ಯತ್ಯಾಸವನ್ನು ಎಲ್ಲಿಂದ ತುಂಬಿದಿರಿ ಎಂದು ಕೇಳುವುದಕ್ಕೆ ಅರ್ಧ ನಿಮಿಷ ಸಾಕು. ಉಳಿದ ಕಾಲವನ್ನು ಉತ್ತರ ಕೊಡುವವರಿಗೆ ಬಿಟ್ಟುಕೊಡಬಹುದು.